ರಾಣಿ ಝಾನ್ಸಿ ರೆಜಿಮೆಂಟಿನ ಹೆಣ್ಣುಮಕ್ಕಳು ನಿಜಕ್ಕೂ ಯುದ್ಧ ಮಾಡಿದ್ರಾ?

ಬ್ರಿಟಿಷರ ವಿರುದ್ಧ ಹೋರಾಡಿದ ಆಜಾದ್ ಹಿಂದ್ ಫೌಜ್ ಸೇನೆಯಲ್ಲಿ ನೇತಾಜಿ ಸುಭಾಷ್ ಚಂದ್ರ ಬೋಸ್ ಕಟ್ಟಿದ ಹೆಣ್ಣುಮಕ್ಕಳ ಪಡೆ ಬರೀ ಮೆರವಣಿಗೆಗೆ ಇತ್ತಾ, ಯುದ್ಧಾನೂ ಮಾಡಿತ್ತಾ ಅಂತ ಕೇಳಿದ್ದೀರಿ. ಮುಂಚೂಣಿಯಲ್ಲಿ ನಿಂತು ಕಾದಾಡುವ ಸಂದರ್ಭ ಅವರಿಗೆ ಬರಲಿಲ್ಲ, ಅದು ನಿಜ. ಹಾಗಂತ ಸುಮ್ನೆ ತೋರಿಕೆಗೆ ಇದ್ದರು ಅನ್ನೋದನ್ನ ನಾನು ಒಪ್ಪಲ್ಲ.

ನಾನು ಮಂಡ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತೇನೆ. ನಮ್ಮ ಕಡೆ ಸ್ವಾತಂತ್ರ್ಯ ಹೋರಾಟ ಅಂದರೆ 1938ರ ಶಿವಪುರ ಧ್ವಜ ಸತ್ಯಾಗ್ರಹ. ಅದರಲ್ಲಿ ಬಂದೂಕಿನ ಮಾತೇ ಇಲ್ಲ. ಹಾಗಾಗಿ ಖಾಕಿ ತೊಟ್ಟು ರೈಫಲ್ ಹಿಡಿದ ಈ ಹುಡುಗಿಯರ ಫೋಟೋ ತೋರಿಸಿದರೆ ಮಕ್ಕಳು ಮೊದಲು ಕೇಳೋದು, "ಮಿಸ್, ಇವರನ್ನ ಮನೇಲಿ ಬೈಲಿಲ್ವಾ?" ಒಳ್ಳೇ ಪ್ರಶ್ನೆ. ಬೈದರು. ಕ್ವಾಲಾಲಂಪುರದ ಜಾನಕಿ ದೇವರ್ ಎಂಬ ಹುಡುಗಿ ಬೋಸ್ ಭಾಷಣ ಕೇಳಿ ಕಿವಿಯ ಚಿನ್ನದ ಓಲೆ ಬಿಚ್ಚಿ ಕೊಟ್ಟು ಬಂದಳು. ಮನೆಯವರಿಗೆ ಸಿಟ್ಟು ಬಂತು. ಅವಳು ಮಾತ್ರ ಪಡೆ ಸೇರಿಯೇ ಸೇರಿದಳು.

ತರಬೇತಿ ಶುರುವಾಗಿದ್ದು 1943ರ ಅಕ್ಟೋಬರ್ 22ಕ್ಕೆ, ಸಿಂಗಾಪುರದಲ್ಲಿ. ಮುಂದಾಳು ಮದ್ರಾಸಿನಲ್ಲಿ ಓದಿದ ಡಾಕ್ಟರ್, ಲಕ್ಷ್ಮಿ ಸ್ವಾಮಿನಾಥನ್. ಸೇರಿದವರಲ್ಲಿ ಜಾಸ್ತಿ ಜನ ಮಲಯದ (ಈಗಿನ ಮಲೇಷ್ಯಾ) ರಬ್ಬರ್ ತೋಟದ ತಮಿಳು ಕೂಲಿಗಳ ಮಕ್ಕಳು. ನಮ್ಮಲ್ಲಿ ಕಬ್ಬು ಕಡಿಯೋಕೆ ಹೋಗುವ ಹೆಂಗಸರ ಹಾಗೆ ಬೆಳಕು ಹರಿಯೋ ಮುಂಚೆಯೇ ಕೆಲಸಕ್ಕೆ ಇಳಿಯುತ್ತಿದ್ದವರು. ಎಷ್ಟೋ ಜನ ಭಾರತವನ್ನು ಕಣ್ಣಲ್ಲೂ ನೋಡಿರಲಿಲ್ಲ. ನೋಡದ ಊರಿಗಾಗಿ ಸಾಯೋಕೆ ಹೊರಟಿದ್ದರು, ಯೋಚನೆ ಮಾಡಿ. ಡ್ರಿಲ್, ರೈಫಲ್, ಬಯೊನೆಟ್, ಮೈಲಿಗಟ್ಟಲೆ ನಡಿಗೆ ಎಲ್ಲ ಕಲಿತರು. ಕೆಲವರು ನರ್ಸಿಂಗ್ ಕಲಿತು ಬರ್ಮಾದಲ್ಲಿ ಗಾಯಾಳುಗಳನ್ನು ನೋಡಿಕೊಂಡರು.

1944ರಲ್ಲಿ ಬರ್ಮಾ ಕಡೆಯಿಂದ ಮಣಿಪುರದ ಇಂಫಾಲ್ ಗೆಲ್ಲೋಕೆ ಹೋದ ಆಜಾದ್ ಹಿಂದ್ ಫೌಜಿಗೆ ಅದು ಕೈಗೆ ಸಿಗಲಿಲ್ಲ, ಸೇನೆ ಹಿಂದೆ ಸರಿಯಿತು. ನನ್ನ ಪ್ರಕಾರ ಇವರ ನಿಜವಾದ ಯುದ್ಧ ಆಮೇಲಿನದು. 1945ರ ಏಪ್ರಿಲ್ ಕೊನೆಯಲ್ಲಿ ರಂಗೂನ್ ಬಿಟ್ಟು ಬ್ಯಾಂಕಾಕ್ ಕಡೆ ಹೊರಟರು. ಹಗಲಲ್ಲಿ ಶತ್ರು ವಿಮಾನದ ಕಾಟ, ಅದಕ್ಕೇ ರಾತ್ರಿ ನಡೆಯೋದು. ಬೆನ್ನ ಮೇಲೆ ಗಂಟು, ದಾರಿ ತುಂಬ ಕೆಸರು, ಮಧ್ಯೆ ಸಿಟಾಂಗ್ ನದಿ. ಬೋಸ್ ಕೂಡ ಇವರ ಜೊತೆಗೇ ನಡೆದರು. ಇನ್ನೊಂದು ತಂಡವಿದ್ದ ರೈಲಿನ ಮೇಲೆ ದಾಳಿಯಾಗಿ ಸ್ಟೆಲ್ಲಾ, ಜೋಸೆಫಿನ್ ಅನ್ನುವ ಇಬ್ಬರು ಸತ್ತರು. ಇದನ್ನು ಮೆರವಣಿಗೆ ಅನ್ನೋಕಾಗುತ್ತಾ?

ಲಕ್ಷ್ಮಿ ಬರ್ಮಾದಲ್ಲೇ ಬ್ರಿಟಿಷರಿಗೆ ಸೆರೆಸಿಕ್ಕರು. 1947ರಲ್ಲಿ ಅದೇ ಸೇನೆಯ ಅಧಿಕಾರಿಯಾಗಿದ್ದ ಪ್ರೇಮ್ ಸೆಹಗಲ್ ಅವರನ್ನು ಮದುವೆಯಾಗಿ, ಕಾನ್ಪುರದಲ್ಲಿ ಬಡವರಿಗೆ ಔಷಧಿ ಕೊಡುತ್ತಾ ಉಳಿದರು. 2002ರಲ್ಲಿ ಅಬ್ದುಲ್ ಕಲಾಂ ಎದುರು ರಾಷ್ಟ್ರಪತಿ ಚುನಾವಣೆಗೆ ನಿಂತು ಸೋತವರು ಇವರೇ. ಓಲೆ ಬಿಚ್ಚಿ ಕೊಟ್ಟ ಜಾನಕಿ ಮಲೇಷ್ಯಾದಲ್ಲಿ ರಾಜಕೀಯಕ್ಕೆ ಇಳಿದರು, 2000ದಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು.