ಮಾಕ್ ಅಲಾಟ್‌ಮೆಂಟ್‌ನಲ್ಲಿ ಸಿವಿಲ್ ಬಂದಿದೆ, ಇದೇ ಸೀಟು ಅಂದುಕೊಳ್ಳಬಹುದಾ?

ನೀವು ಮಧುಗಿರಿ ಕಡೆಯವರು, 2ಎ ಹಿಂದುಳಿದ ವರ್ಗ, ಹತ್ತನೇ ಕ್ಲಾಸಿನವರೆಗೂ ಹಳ್ಳಿ ಶಾಲೆ. ಮಾಕ್ ಅಂದರೆ ನಿಜವಾದ ಸೀಟು ಹಂಚಿಕೆಗೆ ಮುಂಚೆ ನಡೆಯುವ ಅಣಕು ಹಂಚಿಕೆ. ಸಿಇಟಿ ಮಾಕ್‌ನಲ್ಲಿ ತುಮಕೂರಿನ ಕಾಲೇಜೊಂದರಲ್ಲಿ ಸಿವಿಲ್ ಬಂದಿದೆ. ನಿಮಗಿಂತ ಹಿಂದಿನ ರ್‍ಯಾಂಕಿನ ಗೆಳತಿಗೆ ಅದೇ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ತೋರಿಸಿದೆ. ಇದರ ಮಧ್ಯೆ ಯಾರೋ ಫೋನ್ ಮಾಡಿ, ಅಡ್ವಾನ್ಸ್ ಕಟ್ಟಿ ಮ್ಯಾನೇಜ್‌ಮೆಂಟ್ ಸೀಟು ಹಿಡಿದುಕೊಳ್ಳಿ, ಸಿಇಟಿ ನಂಬಿದರೆ ಕೆಟ್ಟಿರಿ ಅಂದಿದ್ದಾರೆ. ಇವುಗಳಲ್ಲಿ ಯಾವುದನ್ನು ನಂಬಬೇಕು ಅನ್ನೋದು ನಿಮ್ಮ ಪ್ರಶ್ನೆ.

ಮೊದಲು ದುಡ್ಡಿನ ವಿಷಯ. ಈಗಲೇ ಯಾರಿಗೂ ಕಟ್ಟಬೇಡಿ. ಮಿಕ್ಕಿದ್ದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮಾಕ್ ನೋಡಿ ಮೋಸ ಹೋದವನು ನಾನು. ಮೋಸ ಮಾಡಿದ್ದು ಮಾಕ್ ಅಲ್ಲ, ನಾನು ಅದನ್ನು ಓದಿದ ರೀತಿ.

2017. ನಮ್ಮದು ಕೊರಟಗೆರೆ ತಾಲ್ಲೂಕು. ಪಿಯು ಓದಿದ್ದು ತುಮಕೂರಿನಲ್ಲಿ, ಹಾಸ್ಟೆಲ್‌ನಲ್ಲಿದ್ದುಕೊಂಡು. ಮಾಕ್ ಬಿಟ್ಟ ದಿನ ಬಿ.ಎಚ್. ರಸ್ತೆಯ ಒಂದು ಸೈಬರ್‌ನಲ್ಲಿ ಮೂರು ಗಂಟೆ ಕೂತಿದ್ದೆ. ಸೈಟು ಓಪನ್ ಆಗುತ್ತಿಲ್ಲ ಅಂದರೆ ರಿಸಲ್ಟ್ ಹತ್ತಿರ ಬಂತು ಅಂತ ಪಕ್ಕದವನು ಹೇಳಿದ. ಅದೂ ಒಂದು ಶಕುನವೇ. ಕೊನೆಗೆ ತೆರೆದಾಗ ಬೆಂಗಳೂರಿನ ಒಳ್ಳೆಯ ಕಾಲೇಜು, ಎಲೆಕ್ಟ್ರಾನಿಕ್ಸ್. ನನ್ನ ಪಟ್ಟಿಯಲ್ಲಿ ನಾಲ್ಕನೆಯದು. ಅಪ್ಪ ಅರ್ಧ ಊರಿಗೆ ಮೈಸೂರುಪಾಕ್ ಹಂಚಿದರು. ಅಜ್ಜಿ ಗೊರವನಹಳ್ಳಿಯಲ್ಲಿ ಹೂವು ಕೇಳಿದ್ದಳಂತೆ, ಬಲಗಡೆ ಕೊಟ್ಟಿತ್ತಂತೆ.

ಆಮೇಲೆ ನಾನು ಮಾಡಿದ ಘನಕಾರ್ಯ ಕೇಳಿ. ಮಾಕ್ ಆದ ಮೇಲೆ ಆಪ್ಷನ್, ಅಂದರೆ ನಾವು ಕೊಟ್ಟ ಕಾಲೇಜು-ಬ್ರಾಂಚುಗಳ ಪಟ್ಟಿ, ಬದಲಿಸಲು ಕೆಲವು ದಿನ ಕೊಡುತ್ತಾರೆ. ನಾಲ್ಕನೆಯದೇ ಬಂದಿದೆಯಲ್ಲ, ಕೆಳಗಿನ 40 ಆಪ್ಷನ್ ಯಾಕೆ ಬೇಕು, ಅಪ್ಪಿತಪ್ಪಿ ಅದೇ ಬಂದುಬಿಟ್ಟರೆ ಅಂತ ಸೈಬರ್‌ನವನೂ ನಾನೂ ಸೇರಿ ಅಳಿಸಿಹಾಕಿದೆವು. 12 ಮಾತ್ರ ಉಳಿಸಿಕೊಂಡೆ. ಮೊದಲ ರೌಂಡಿನ ಫಲಿತಾಂಶದಲ್ಲಿ ನನ್ನ ಹೆಸರಿನ ಮುಂದೆ ಯಾವ ಕಾಲೇಜೂ ಇರಲಿಲ್ಲ. ಸೀಟಿಲ್ಲ, ಅಷ್ಟೇ.

ಹೀಗಾಗಿದ್ದು ಯಾಕೆ ಅಂತ ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಲೆಕ್ಕ ಸರಳ. ಕಂಪ್ಯೂಟರ್ ಒಂದನೇ ರ್‍ಯಾಂಕಿನಿಂದ ಶುರುಮಾಡಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಖಾಲಿ ಇರುವ ಮೊದಲ ಸೀಟು ಕೊಟ್ಟು ಮುಂದಿನವರ ಹತ್ತಿರ ಹೋಗುತ್ತದೆ. ಮಾಕ್‌ನಲ್ಲೂ ಅದೇ, ನಿಜವಾದ ರೌಂಡಿನಲ್ಲೂ ಅದೇ. ವ್ಯತ್ಯಾಸ ಇರೋದು ಪಟ್ಟಿಗಳಲ್ಲಿ. ಮಾಕ್‌ಗೆ ಮುಂಚೆ ಎಷ್ಟೋ ಜನ ಕಾಟಾಚಾರಕ್ಕೆ ಹತ್ತು ಕಾಲೇಜು ಹಾಕಿರುತ್ತಾರೆ. ಮಾಕ್‌ನಲ್ಲಿ ಏನೂ ಬರದಿದ್ದಾಗ ಹೆದರಿ ನೂರಿನ್ನೂರು ಹಾಕುತ್ತಾರೆ. ನನಗಿಂತ ಮುಂದಿದ್ದವರು ಹಾಗೆ ಹೊಸದಾಗಿ ಹಾಕಿದ ಆಪ್ಷನ್‌ಗಳಲ್ಲಿ ನನ್ನ ಎಲೆಕ್ಟ್ರಾನಿಕ್ಸ್ ಕೂಡ ಇತ್ತು. ಅಂದರೆ ಮಾಕ್ ನನಗೆ ತೋರಿಸಿದ್ದು ಅವತ್ತಿನ ಫೋಟೊ. ಫೋಟೊ ತೆಗೆದ ಮೇಲೆ ಎಲ್ಲರೂ ಜಾಗ ಬದಲಿಸಿದರು.

ಎರಡನೇ ರೌಂಡಿಗೆ ಹೊಸ ಆಪ್ಷನ್ ಸೇರಿಸಲು ಬಿಡಲಿಲ್ಲ. ಇರುವುದನ್ನು ಹಿಂದೆಮುಂದೆ ಮಾಡಬಹುದು, ತೆಗೆಯಬಹುದು, ಅಷ್ಟೇ. ಅಳಿಸಿದ 40 ಹೋದದ್ದು ಹೋಯಿತು. ಪುಣ್ಯಕ್ಕೆ ಆ 12ರಲ್ಲಿ 11ನೆಯದಾಗಿ ತುಮಕೂರಿನ ಕಾಲೇಜೊಂದು ಉಳಿದಿತ್ತು. ಎರಡನೇ ರೌಂಡಿನಲ್ಲಿ ಮುಂದಿನ ರ್‍ಯಾಂಕಿನವರು ಒಂದಷ್ಟು ಜನ ಮೆಡಿಕಲ್‌ಗೆ, ಇನ್ನೊಂದಷ್ಟು ಜನ ಎನ್‌ಐಟಿಗೆ, ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಬೇರೆ ಪ್ರವೇಶ ಪರೀಕ್ಷೆ) ಸೀಟಿಗೆ ಹೋದರು. ಸೀಟು ಕೆಳಗಿಳಿದು ನನಗೆ ಸಿಕ್ಕಿತು. ಅಲ್ಲೇ ಓದಿದೆ, ಈಗ ಚೆನ್ನಾಗೇ ಇದ್ದೇನೆ. ಆದರೆ ಆ ಮೂರು ವಾರ ಅಪ್ಪ ಮೈಸೂರುಪಾಕ್ ತಿಂದವರ ಮನೆ ಮುಂದೆ ಹಾದುಹೋಗುತ್ತಿರಲಿಲ್ಲ.

ಈಗ ನಿಮ್ಮ ಗೆಳತಿ. ರ್‍ಯಾಂಕ್ ಹಿಂದಿದ್ದೂ ಕಂಪ್ಯೂಟರ್ ಸೈನ್ಸ್ ಬಂತು ಅಂದರೆ ಎರಡು ಕಾರಣ ಇರಬಹುದು. ನೀವು ಆ ಬ್ರಾಂಚನ್ನು ಸಿವಿಲ್‌ಗಿಂತ ಕೆಳಗೆ ಹಾಕಿದ್ದೀರಿ, ಅಥವಾ ಹಾಕಿಯೇ ಇಲ್ಲ. ಇದನ್ನು ಮೊದಲು ನೋಡಿಕೊಳ್ಳಿ, ನಗಬೇಡಿ, ಕೋಡ್ ತಪ್ಪು ಹಾಕಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಇಲ್ಲವಾದರೆ ಅವಳಿಗೆ ಸಿಕ್ಕಿದ ಕಾಲಂ, ಅಂದರೆ ಮೀಸಲಾತಿಯ ಗುಂಪು, ಬೇರೆ.

ಈ ಕಾಲಂ ವಿಷಯ ಯಾರೂ ಸರಿಯಾಗಿ ಹೇಳಿಕೊಡೋದಿಲ್ಲ. ಸಿಇಟಿ ನಡೆಸುವ ಕೆಇಎ ಹಾಕುವ ಕಟ್ಆಫ್ ಪಟ್ಟಿಯಲ್ಲಿ, ಅಂದರೆ ಕೊನೆಯ ಸೀಟು ಯಾವ ರ್‍ಯಾಂಕಿಗೆ ಹೋಯಿತು ಅನ್ನುವ ಪಟ್ಟಿಯಲ್ಲಿ, ಒಂದು ಬ್ರಾಂಚಿಗೆ ಒಂದೇ ಸಂಖ್ಯೆ ಇರುವುದಿಲ್ಲ. 2ಎಜಿ, 2ಎಕೆ, 2ಎಆರ್, ಜಿಎಂ, ಜಿಎಂಕೆ, ಜಿಎಂಆರ್ ಅಂತ ಸಾಲಾಗಿ ಇರುತ್ತವೆ. ಜಿಎಂ ಅಂದರೆ ಜನರಲ್ ಮೆರಿಟ್, 2ಎಜಿ ಅಂದರೆ ಬರೀ 2ಎ. ಕೊನೆಯ ಅಕ್ಷರ ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ. ನೀವು 2ಎ, ಹತ್ತೂ ವರ್ಷ ಹಳ್ಳಿ ಶಾಲೆ. ಅದೂ ಕನ್ನಡ ಮಾಧ್ಯಮವಾಗಿದ್ದರೆ ಈ ಆರೂ ಕಾಲಂ ನಿಮ್ಮವೇ. ಆರರಲ್ಲಿ ಎಲ್ಲಿ ರ್‍ಯಾಂಕ್ ಅತಿ ಹಿಂದಕ್ಕೆ ಹೋಗಿದೆಯೋ ಅದು ನಿಮ್ಮ ಬಾಗಿಲು. ಜನ ಜಿಎಂ ಒಂದನ್ನೇ ನೋಡಿ ಅಳುತ್ತಾ ಕೂರುತ್ತಾರೆ. ಎಚ್ ಅಕ್ಷರದ ಕಾಲಂಗಳು ಕಲ್ಯಾಣ ಕರ್ನಾಟಕದವರದ್ದು, ನಮ್ಮ ಜಿಲ್ಲೆಗೆ ಸಂಬಂಧವಿಲ್ಲ, ದಾಟಿಕೊಂಡು ಹೋಗಿ.

ಆದರೆ ಆರ್, ಕೆ ಕಾಲಂ ನೋಡಿ ಕುಣಿಯಲೂಬೇಡಿ. 60 ಸೀಟಿನ ಬ್ರಾಂಚು ಅಂದುಕೊಳ್ಳಿ. ಖಾಸಗಿ ಕಾಲೇಜಿನಲ್ಲಿ ಸಾಮಾನ್ಯವಾಗಿ 100ಕ್ಕೆ 45 ಸರ್ಕಾರಿ ಕೋಟಾ, 30 ಕಾಮೆಡ್‌ಕೆ, ಉಳಿದದ್ದು ಮ್ಯಾನೇಜ್‌ಮೆಂಟ್. ಅಲ್ಲಿಗೆ ಸಿಇಟಿಗೆ 27. ಅದರಲ್ಲಿ 2ಎಗೆ 15 ಪರ್ಸೆಂಟ್, ಅಂದರೆ ನಾಲ್ಕು. ಆ ನಾಲ್ಕರೊಳಗೇ ಗ್ರಾಮೀಣಕ್ಕೆ 15 ಪರ್ಸೆಂಟ್, ಕನ್ನಡ ಮಾಧ್ಯಮಕ್ಕೆ 5 ಪರ್ಸೆಂಟ್. ಗ್ರಾಮೀಣಕ್ಕೆ ಒಂದು ಸೀಟು ಬಂದರೆ ದೊಡ್ಡದು, ಕನ್ನಡಕ್ಕೆ ಎಷ್ಟೋ ಕಡೆ ಒಂದೂ ಇರುವುದಿಲ್ಲ. ಒಂದೇ ಸೀಟಿನ ಕಾಲಂನಲ್ಲಿ ಕಟ್ಆಫ್ ಅಂದರೆ ಕಳೆದ ವರ್ಷ ಅಲ್ಲಿ ಸೇರಿದ ಒಬ್ಬ ಹುಡುಗನ ರ್‍ಯಾಂಕು. ಅವನು ಬೇರೆ ಕಡೆ ಹೋಗಿದ್ದರೆ ಸಂಖ್ಯೆಯೇ ಬೇರೆ. ಅದಕ್ಕೇ ಈ ಕಾಲಂಗಳು ವರ್ಷದಿಂದ ವರ್ಷಕ್ಕೆ ಕಪ್ಪೆ ಥರ ನೆಗೆಯುತ್ತವೆ. 2ಎಜಿ, ಜಿಎಂ ಅಷ್ಟು ನೆಗೆಯುವುದಿಲ್ಲ. ಆಸೆಗೆ ಆರ್ ನೋಡಿ, ಧೈರ್ಯಕ್ಕೆ 2ಎಜಿ ನೋಡಿ.

ಹಾಗಾದರೆ ಮಾಕ್‌ನಿಂದ ಉಪಯೋಗವೇ ಇಲ್ವಾ? ಇದೆ. ಕಳೆದ ವರ್ಷದ ಮಾಕ್ ಕಟ್ಆಫ್ ಪಟ್ಟಿಯನ್ನೂ ಕಳೆದ ವರ್ಷದ ಕೊನೆಯ ರೌಂಡಿನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ನಿಮಗೆ ಬೇಕಾದ ಕಾಲೇಜು, ಬೇಕಾದ ಬ್ರಾಂಚು, ನಿಮ್ಮ ಕಾಲಂ. ಎರಡರ ನಡುವೆ ಎಷ್ಟು ಸಾವಿರ ವ್ಯತ್ಯಾಸ ಬಂದಿದೆ, ಯಾವ ಕಡೆಗೆ ಬಂದಿದೆ ಬರೆದುಕೊಳ್ಳಿ. ಈ ವರ್ಷದ ಮಾಕ್ ಸಂಖ್ಯೆಗೆ ಅದನ್ನು ಹಚ್ಚಿ ನೋಡಿ. ನಿಖರವಾಗಿ ಬರೋದಿಲ್ಲ, ಆದರೆ ಫೋನ್ ಮಾಡಿದ ಅಣ್ಣನ ಭವಿಷ್ಯಕ್ಕಿಂತ ಎಷ್ಟೋ ವಾಸಿ. ನನ್ನ ತಂಗಿಗೆ ಹೀಗೇ ಒಂದು ನೋಟ್‌ಬುಕ್ಕಿನಲ್ಲಿ ಮಾಡಿಕೊಟ್ಟಿದ್ದೆ. ಅವಳ ವರ್ಷವೋ 2022. ಹಿಂದಿನ ವರ್ಷ ಕೊರೊನಾ ಕಾರಣಕ್ಕೆ ಪಿಯು ಪರೀಕ್ಷೆಯೇ ಇರಲಿಲ್ಲ, ಸಿಇಟಿ ಅಂಕದಲ್ಲೇ ರ್‍ಯಾಂಕ್ ಕೊಟ್ಟಿದ್ದರು. 2022ರಲ್ಲಿ ಮತ್ತೆ ಬರೆದ ಆ ಬ್ಯಾಚಿನವರ ಪಿಯು ಅಂಕ ಸೇರಿಸಲಿಲ್ಲ ಅಂತ ವಿಷಯ ಹೈಕೋರ್ಟಿಗೆ ಹೋಯಿತು. ರ್‍ಯಾಂಕ್ ಪಟ್ಟಿಯನ್ನೇ ಮತ್ತೆ ಮಾಡಬೇಕಾಯಿತು. ಸೆಪ್ಟೆಂಬರ್ ಪೂರ್ತಿ ತಂಗಿ ಕಾದಳು. ನನ್ನ ನೋಟ್‌ಬುಕ್ ಅಟ್ಟ ಸೇರಿತು. ಅಂಥ ವರ್ಷವೂ ಒಂದೊಂದು ಬರುತ್ತದೆ.

ಇನ್ನೊಂದು ಕಡೆ ಕಣ್ಣಿಡಿ, ಅದು ಸೀಟ್ ಮ್ಯಾಟ್ರಿಕ್ಸ್, ಯಾವ ಕಾಲೇಜಿನ ಯಾವ ಬ್ರಾಂಚಿಗೆ ಎಷ್ಟು ಸೀಟು ಅನ್ನುವ ಪಟ್ಟಿ. ಒಂದು ಬ್ರಾಂಚಿಗೆ ಇಷ್ಟೇ ಸೀಟು ಅಂತ ಇದ್ದ ಮಿತಿಯನ್ನು ಒಳ್ಳೆಯ ಕಾಲೇಜುಗಳಿಗೆ 2024-25ರಿಂದ ಎಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಡುವ ಎಐಸಿಟಿಇ ತೆಗೆದುಹಾಕಿದೆ. ಹಾಗಾಗಿ ಕಂಪ್ಯೂಟರ್ ಸೈನ್ಸ್ ಸೀಟು ಕಳೆದ ವರ್ಷದಷ್ಟೇ ಇದೆಯಾ ಅಂತ ನೋಡದೆ ಹಳೆಯ ಕಟ್ಆಫ್ ಓದಿದರೆ ಸುಮ್ನೆ ಗೊಂದಲ. ಸೀಟು ಜಾಸ್ತಿಯಾದರೆ ಕಟ್ಆಫ್ ರ್‍ಯಾಂಕ್ ಹಿಂದಕ್ಕೆ ಹೋಗುತ್ತದೆ, ನಿಮಗೆ ಒಳ್ಳೆಯದು.

ಮಾಕ್‌ನಲ್ಲಿ ಬಂದ ಕಾಲೇಜನ್ನೇ ಒಂದನೇ ಆಪ್ಷನ್ ಮಾಡು ಅಂತ ನಿಮ್ಮ ತಂದೆಯವರು ಹೇಳುತ್ತಿದ್ದಾರೆ ಅಂತಲೂ ಬರೆದಿದ್ದೀರಿ. ನಮ್ಮಪ್ಪನೂ ಹೀಗೇ. ಅವರ ಲೆಕ್ಕದಲ್ಲಿ ಎಂಜಿನಿಯರಿಂಗ್ ಅಂದರೆ ಎರಡೇ ಕಾಲೇಜು. 1917ರಲ್ಲಿ ವಿಶ್ವೇಶ್ವರಯ್ಯನವರು ಶುರುಮಾಡಿದ ಯುವಿಸಿಇ, 1963ರಲ್ಲಿ ಶಿವಕುಮಾರ ಸ್ವಾಮೀಜಿ ಶುರುಮಾಡಿದ ನಮ್ಮೂರ ಸಿದ್ಧಗಂಗಾ. ಅವರಿಗೆ ಮೆಲ್ಲಗೆ ಹೇಳಿ: ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನ ಸೀಟು ಕೈತಪ್ಪುವುದಿಲ್ಲ. ಮೇಲಿನದು ಖಾಲಿ ಇಲ್ಲದಿದ್ದರೆ ಕಂಪ್ಯೂಟರ್ ಕೆಳಗಿನದಕ್ಕೆ ಬರುತ್ತದೆ, ಅದಕ್ಕೇನೂ ಬೇಜಾರಿಲ್ಲ. ಆದರೆ ಸಿವಿಲ್ ಅನ್ನು ಒಂದನೆಯದಾಗಿ ಹಾಕಿ ಅದೇ ಸಿಕ್ಕಿಬಿಟ್ಟರೆ ಮೇಲೆ ಹೋಗಲು ಏನೂ ಉಳಿಯುವುದಿಲ್ಲ. ಆಸೆಯ ಕ್ರಮದಲ್ಲಿ ಹಾಕಿ, ರ್‍ಯಾಂಕಿನ ಕ್ರಮದಲ್ಲಿ ಅಲ್ಲ. ಕೆಳಗೆ ಉದ್ದವಾಗಿ ಬಿಡಿ. ಸತ್ತರೂ ಸೇರಲ್ಲ ಅನ್ನುವ ಕಾಲೇಜು ಮಾತ್ರ ಬೇಡ, ಯಾಕೆಂದರೆ ಮುಂದಿನ ರೌಂಡಿಗೆ ಚಾಯ್ಸ್ 2 (ಈ ಸೀಟು ಇರಲಿ, ಮೇಲಿನದಕ್ಕೂ ನೋಡುತ್ತೇನೆ) ಒತ್ತಿ ಹೋದಾಗ ಪಟ್ಟಿಯ ಮೇಲಿನದೊಂದು ಸಿಕ್ಕಿದರೆ ಕೈಯಲ್ಲಿದ್ದ ಸೀಟು ತಾನಾಗೇ ರದ್ದಾಗುತ್ತದೆ. ಹಳೆಯದೇ ಇರಲಿ ಅಂತ ಆಮೇಲೆ ಅತ್ತರೆ ಕೇಳುವವರಿಲ್ಲ. ಚಾಯ್ಸ್ 1 ಅಂದರೆ ಇಲ್ಲಿಗೆ ಸಾಕು, ಸೇರುತ್ತೇನೆ. 3 ಅಂದರೆ ಇದು ಬೇಡ, ಮುಂದಿನ ರೌಂಡ್ ನೋಡುತ್ತೇನೆ. 4 ಅಂದರೆ ಸಹವಾಸವೇ ಬೇಡ. 3 ಒತ್ತುವ ಧೈರ್ಯ ನನಗಂತೂ ಇಲ್ಲ. ಯಾವ ಚಾಯ್ಸ್‌ಗೆ ಎಷ್ಟು ಫೀಸು, ಯಾವಾಗ ಅನ್ನೋದು ಬದಲಾಗುತ್ತಿರುತ್ತದೆ, ಈ ವರ್ಷದ ಸೂಚನೆಯನ್ನೇ ಓದಿ.

ಫೋನ್ ಮಾಡುವವರ ಬಗ್ಗೆ ಒಂದು ಮಾತು. ನನಗೂ ಮಾಕ್ ಬಂದ ಮಾರನೇ ದಿನವೇ ಮೂರು ಕಾಲ್ ಬಂದಿತ್ತು. ಮೂವರೂ ಕೊನೆಯ ಎರಡು ಸೀಟು ಉಳಿದಿದೆ ಅಂದರು. ಮೊದಲ ರೌಂಡಿನಲ್ಲಿ ನನಗೆ ಸೀಟು ಬರದಿದ್ದಾಗ ಅದೇ ಮೂವರಲ್ಲಿ ಒಬ್ಬರು ಮತ್ತೆ ಮಾಡಿದರು. ಆಗಲೂ ಎರಡೇ ಉಳಿದಿತ್ತು. ಅಪ್ಪ ಹಸು ಮಾರಲು ಹೊರಟಿದ್ದರು, ಅಮ್ಮ ಬಿಡಲಿಲ್ಲ.

ಇವತ್ತು ರಾತ್ರಿ ಆಪ್ಷನ್ ತಿದ್ದಲು ಕೂರುವ ಮುಂಚೆ ಅರ್ಜಿಯ ಪ್ರಿಂಟ್ ತೆಗೆದು ಗ್ರಾಮೀಣ ಅನ್ನುವ ಕಡೆ ಹೌದು ಅಂತ ಇದೆಯಾ, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಸರಿಯಿದೆಯಾ ನೋಡಿ. ಅದು ತಪ್ಪಿದ್ದರೆ ಮೇಲೆ ಹೇಳಿದ ಆರು ಕಾಲಂ ಲೆಕ್ಕವೇ ಬೇರೆಯಾಗುತ್ತದೆ. ಗೆಳತಿಯ ಮಾಕ್ ಫಲಿತಾಂಶದ ಪ್ರಿಂಟ್ ಕೂಡ ಕೇಳಿ ಪಕ್ಕದಲ್ಲಿಟ್ಟುಕೊಳ್ಳಿ, ಅವಳಿಗೆ ಯಾವ ಕಾಲಂನಲ್ಲಿ ಬಂತು ಅಂತ ಅದರಲ್ಲೇ ಇರುತ್ತದೆ. ಆಪ್ಷನ್ ಸೇವ್ ಮಾಡಿದ ಮೇಲೆ ಲಾಗ್ಔಟ್ ಆಗಿ, ಮತ್ತೆ ಒಳಗೆ ಹೋಗಿ, ಪಟ್ಟಿ ಹಾಗೇ ಇದೆಯಾ ಅಂತ ನೋಡಿ ಮಲಗಿ. ಸೈಬರ್‌ನಲ್ಲಿ ಮಾಡಿದರೆ ಪಾಸ್‌ವರ್ಡ್ ಅಲ್ಲಿ ಬಿಟ್ಟು ಬರಬೇಡಿ.