ತೊಗರಿ ಎಲ್ಲಿ ಬರೀಬೇಕ್ರಿ?

ಬದುಕಿನ ಗುರಿಗಳನ್ನು ಬರೆದು ತುಂಬಿದ ಹಾಳೆಯನ್ನು ನಾಲ್ಕಾಗಿ ಮಡಚಿ ನನ್ನ ಬಳಿ ಸಲಹೆಗೆ ತಂದು, ‘ನನ್ನಾಗ ಏನೋ ಕೊರತಿ ಐತ್ರಿ’ ಎನ್ನುವವರು ಕಲಬುರಗಿಯಲ್ಲಿ ಮತ್ತೆ ಮತ್ತೆ ಸಿಗುತ್ತಾರೆ. ಹಾಳೆಗಳು ಬೇರೆ ಬೇರೆ, ತಪ್ಪು ಮಾತ್ರ ಒಂದೇ. ಈ ಪ್ರಕರಣ ಬರೆಯಲು ಅದೇ ಕಾರಣ. ಗುರುತು ಸಿಗುವ ವಿವರ ಬದಲಿಸಿದೆ.

ಆಳಂದ ತಾಲ್ಲೂಕಿನ ಹೆಣ್ಣುಮಗಳು, ವಯಸ್ಸು 29. ಬಿ.ಎಡ್. ಆಗಿದೆ, ಒಂದು ಮಗು, ಅತ್ತೆಮನೆಯಲ್ಲಿ ಆರೆಕರೆ ತೊಗರಿ. ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಎರಡನೇ ಪತ್ರಿಕೆಯಲ್ಲಿ 150ಕ್ಕೆ 74 ಬಂದಿತ್ತು; ಬೇಕಿದ್ದದ್ದು ಶೇ 60, ಅಂದರೆ 90. ಒಂದು ಶಿಬಿರದಲ್ಲಿ ಕೊಟ್ಟ ಹಾಳೆಯನ್ನು ಮೂರು ಸಲ ತುಂಬಿದ್ದರು: ಹತ್ತು ವರ್ಷದ ಕನಸು, ಐದು ವರ್ಷದ ಗುರಿ, ಈ ವರ್ಷದ ಗುರಿ, ದಿನಕ್ಕೆ ನಾಲ್ಕು ತಾಸು ಓದು. ಮೂರೂ ಸಲ ಮೂರನೇ ವಾರಕ್ಕೆ ನಿಂತಿತ್ತು. ಗುರಿ ಬರೆದಿಟ್ಟ ಶೇ 3 ವಿದ್ಯಾರ್ಥಿಗಳು ಉಳಿದವರೆಲ್ಲರಿಗಿಂತ ಹೆಚ್ಚು ಗಳಿಸಿದರೆಂದು 1953ರ ಯೇಲ್ ಅಧ್ಯಯನದ ಕಥೆಯನ್ನೂ ಅಲ್ಲಿ ಹೇಳಿದ್ದರಂತೆ. ಅಂಥ ಅಧ್ಯಯನ ನಡೆದೇ ಇಲ್ಲ. ಆದರೆ ಆ ಕಥೆ ನಂಬಿದವರು ಸೋತಾಗ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಎರಡನೇ ಭೇಟಿಯಲ್ಲಿ ಹೊಸ ಹಾಳೆ ಮುಂದಿಟ್ಟಾಗ ಅವರು ಪೆನ್ನು ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: ‘ಎಲ್ಲಾ ಬರೀತೀನ್ರಿ. ಆದ್ರ ತೊಗರಿ ಎಲ್ಲಿ ಬರೀಬೇಕ್ರಿ ಇದ್ರಾಗ?’

ಹಾಳೆಯಲ್ಲಿ ಆರೋಗ್ಯಕ್ಕೆ ಜಾಗವಿತ್ತು, ಪ್ರವಾಸಕ್ಕೂ ಇತ್ತು. ಕಳೆ ತೆಗೆಯುವುದಕ್ಕೆ, ಕುಡಿ ಚಿವುಟುವುದಕ್ಕೆ, ರಾಶಿಗೆ, ನಳದ ನೀರು ಬರುವ ಹೊತ್ತಿಗೆ ಇರಲಿಲ್ಲ. ಅವರ ಬದುಕಿನ ಮುಕ್ಕಾಲು ಪಾಲು ಆ ಹಾಳೆಯ ಹೊರಗೆ ನಿಂತಿತ್ತು. ಅದು ಓದಿನ ಹೊತ್ತಿಗೆ ನುಗ್ಗಿದಾಗಲೆಲ್ಲ ಅವರು ಅದಕ್ಕೆ ‘ನನ್ನ ಸೋಮಾರಿತನ’ ಎಂದು ಹೆಸರಿಟ್ಟಿದ್ದರು. ಕನಸಿನ ಹಾಳೆಯನ್ನು ಅಲ್ಲೇ ಬದಿಗಿಟ್ಟೆವು.

ಮೊದಲು ಏಳು ದಿನದ ಲೆಕ್ಕ. ಏನು ಮಾಡಬೇಕು ಎಂಬುದಲ್ಲ, ಏನು ಮಾಡಿದೆ ಎಂಬುದು, ಅರ್ಧ ತಾಸಿಗೊಂದು ಗೆರೆ. ಓದಿಗೆ ಸಿಗುವ ಹೊತ್ತೆಲ್ಲ ಹತ್ತಿಪ್ಪತ್ತು ನಿಮಿಷದ ಚೂರುಗಳು ಎಂದು ಗೊತ್ತಾಯಿತು. ಮೂರನೇ ಭೇಟಿಗೆ ಗಂಡನನ್ನೂ ಕರೆಸಿದೆ. ಲೆಕ್ಕದ ಹಾಳೆ ನೋಡಿದ ಮೇಲೆ ಅವರು ವಾರಕ್ಕೆ ಆರು ದಿನ ಬೆಳಿಗ್ಗೆ 5ರಿಂದ 6.30ರವರೆಗೆ ಮಗುವನ್ನೂ ನೀರನ್ನೂ ನೋಡಿಕೊಳ್ಳಲು ಒಪ್ಪಿದರು. ಹೆಂಡತಿ ಬಾಯಿಮಾತಲ್ಲಿ ಕೇಳಿದಾಗ ಆಗದ್ದು ಗೆರೆ ಎಳೆದ ಹಾಳೆಯಿಂದ ಆಯಿತು.

ಅಲ್ಲಿಗೆ ವಾರಕ್ಕೆ 9 ತಾಸು. ಜುಲೈ ನಡುವಿನಿಂದ ಜನವರಿ ನಡುವಿನವರೆಗೆ 26 ವಾರ. ಅದರಲ್ಲಿ ಕಳೆಯ ಮೂರು, ರಾಶಿಯ ಮೂರು ವಾರಗಳಲ್ಲಿ ಮಾತ್ರ ವಾರಕ್ಕೆ ಬರೀ 3 ತಾಸು. ಒಟ್ಟು 198. ಹಳೆಯ ಹಾಳೆಯ ಪ್ರಕಾರ ಇಷ್ಟೇ ವಾರಕ್ಕೆ 728 ಆಗುತ್ತಿತ್ತು! ಆ 198ನ್ನೂ ಪೂರ್ತಿ ನಂಬಬಾರದು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ರಬಂಧ ಮುಗಿಸಲು ಸುಮಾರು 34 ದಿನ ಸಾಕೆಂದ ವಿದ್ಯಾರ್ಥಿಗಳಿಗೆ ಸರಾಸರಿ 55 ದಿನಕ್ಕಿಂತ ಹೆಚ್ಚೇ ಹಿಡಿಯಿತು. ಅದೇ ಅಳತೆಯಲ್ಲಿ ಇಳಿಸಿ 120 ತಾಸು ಹಿಡಿದೆವು.

ಈಗ ಗುರಿ. ಹಿಂದಿನ 74ನ್ನು ಬಿಡಿಸಿದರೆ: ಕನ್ನಡ 30ಕ್ಕೆ 22, ಇಂಗ್ಲಿಷ್ 30ಕ್ಕೆ 11, ಶಿಶು ವಿಕಾಸ ಮತ್ತು ಬೋಧನಾ ವಿಧಾನ 30ಕ್ಕೆ 13, ಸಮಾಜ ವಿಜ್ಞಾನ 60ಕ್ಕೆ 28. ಕೊರತೆ 16 ಅಂಕ. ಶಿಶು ವಿಕಾಸಕ್ಕೆ 50 ತಾಸು, ಸಮಾಜಕ್ಕೆ 40, ಇಂಗ್ಲಿಷಿಗೆ 20, ಹಳೆ ಪ್ರಶ್ನೆಪತ್ರಿಕೆಗೆ 10. ಕನ್ನಡಕ್ಕೆ ಸೊನ್ನೆ. ಅದನ್ನು ಬಿಡಲು ಅವರಿಗೆ ಕಷ್ಟವಾಯಿತು. ಬರುವುದನ್ನೇ ಓದುವುದರಲ್ಲಿ ಸುಖವಿದೆ.

ಕೊನೆಗೆ ‘ಹೀಗಾದರೆ ಹೀಗೆ’ ಸಾಲುಗಳು. ಮನಶ್ಶಾಸ್ತ್ರಜ್ಞ ಪೀಟರ್ ಗೊಲ್‌ವಿಟ್ಸರ್ 1999ರಲ್ಲಿ ವಿವರಿಸಿದ ಈ ಕ್ರಮದಲ್ಲಿ ಅಡ್ಡಿ ಮತ್ತು ಅದಕ್ಕೆ ಉತ್ತರ ಒಂದೇ ವಾಕ್ಯದಲ್ಲಿರುತ್ತವೆ. ‘ಕರೆಂಟ್ ಹೋದರೆ ಚಾರ್ಜಿಂಗ್ ದೀಪದಲ್ಲಿ ಹಳೆ ಪತ್ರಿಕೆ ಬಿಡಿಸುತ್ತೇನೆ.’ ‘ಮಗುವಿಗೆ ಜ್ವರ ಬಂದರೆ ಆ ದಿನ ಬಿಡುತ್ತೇನೆ, ಬಾಕಿ ತೀರಿಸುವುದಿಲ್ಲ.’ ಈ ಎರಡನೆಯದನ್ನು ಒತ್ತಿ ಬರೆಸಿದೆ. ತಪ್ಪಿದ ತಾಸುಗಳನ್ನು ಮುಂದಿನ ವಾರಕ್ಕೆ ಸೇರಿಸುತ್ತ ಹೋದರೆ ಅದು ಸಾಲದ ಬಡ್ಡಿಯಂತೆ ಏರಿ, ಹಾಳೆ ಮುಟ್ಟಲೇ ಭಯವಾಗುತ್ತದೆ.

‘ಮೊದಲೇ ಕಷ್ಟದಲ್ಲಿರುವ ಹೆಣ್ಣುಮಗಳ ಆಸೆಗೆ ಕತ್ತರಿ ಹಾಕಿದಿರಿ’ ಎಂದು ಒಬ್ಬ ಸಹೋದ್ಯೋಗಿ ಅಂದರು. ಒಪ್ಪಲಾರೆ. ಆಸೆ ಅಲ್ಲೇ ಇದೆ, ಹಾಳೆಯ ತಲೆಯ ಮೇಲೆ ಒಂದು ಸಾಲಿನಲ್ಲಿ. ಕತ್ತರಿ ಬಿದ್ದದ್ದು ಇಲ್ಲದ ತಾಸುಗಳಿಗೆ. ಇಲ್ಲದ ತಾಸಿನ ಮೇಲೆ ಗುರಿ ಕಟ್ಟಿಸಿ, ನಾಲ್ಕನೇ ಸಲವೂ ಅವರನ್ನು ಸೋಲಿಸಿ ಕಳಿಸುವುದು ನನಗೆ ಕ್ರೌರ್ಯವಾಗಿ ಕಾಣುತ್ತದೆ.

ಪರಿಶೀಲನೆಗೆ ಅಮಾವಾಸ್ಯೆ ಗೊತ್ತುಮಾಡಿದೆವು. ಅವತ್ತು ಅವರ ಮನೆಯಲ್ಲಿ ಎತ್ತು ಹೂಡುವುದಿಲ್ಲ. ಕೇಳಬೇಕಾದ್ದು ಮೂರೇ: ಎಷ್ಟು ತಾಸು ಸಿಕ್ಕಿತು, ಯಾವ ಅಡ್ಡಿಗೆ ಸಾಲು ಬರೆದಿರಲಿಲ್ಲ, ಏನನ್ನು ಕೈಬಿಡಬೇಕು. ಮೊದಲ ಅಮಾವಾಸ್ಯೆಗೆ ನಾವು ಹಿಡಿದದ್ದಕ್ಕಿಂತಲೂ ಕಡಿಮೆ ತಾಸು ಸಿಕ್ಕಿತ್ತು. ಇಂಗ್ಲಿಷಿನಲ್ಲಿ 8 ತಾಸು ಕಡಿತ ಮಾಡಿದರು, ಹಾಳೆ ಹರಿಯಲಿಲ್ಲ. ಹೊಲಕ್ಕೆ ಎಡೆ ಚೆಲ್ಲುವ (ಚರಗ) ಎಳ್ಳಮಾವಾಸ್ಯೆಯ ದಿನದ ಚೌಕದಲ್ಲಿ ಜುಲೈನಲ್ಲೇ ‘0, ಚರಗ’ ಎಂದು ಬರೆದಿದ್ದರು.