ಓದುಗರ ಪ್ರಶ್ನೆ: ವಿಷದ ಗೆಣಸು, ಕೆಡದ ರೊಟ್ಟಿ

ಪ್ರಶ್ನೆ: ಕೆರಿಬಿಯನ್ ಕಡಲತೀರದ ಗರಿಫುನಾ ಜನ ವಿಷದ ಕಹಿ ಮರಗೆಣಸಿನಿಂದಲೇ ರೊಟ್ಟಿ ಮಾಡುತ್ತಾರಂತೆ. ಬರೀ ಬೇಯಿಸಿದರೆ ಸಾಲದೆ?
– ಓದುಗರು, ಕುಮಟಾ

ಉತ್ತರ: ಸಾಲದು. ಗೆಡ್ಡೆಯೊಳಗೆ ಲಿನಮರಿನ್ ಎಂಬ ಪದಾರ್ಥ ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತದೆ. ತುರಿದಾಗ ಎರಡೂ ಬೆರೆತು ಸಯನೈಡ್ ಹೊರಬೀಳುತ್ತದೆ. ಹಿಂಡಿದರೆ ಬಹುಪಾಲು ರಸದ ಜೊತೆ ಇಳಿಯುತ್ತದೆ, ಮಿಕ್ಕಿದ್ದು ಕಾವಿಗೆ ಹಾರಿಹೋಗುತ್ತದೆ. ತುರಿಯದೆ ಕುದಿಯುವ ನೀರಿಗೆ ಹಾಕಿದಿರೋ, ಕಿಣ್ವ ಮೊದಲು ಸಾಯುತ್ತದೆ, ಲಿನಮರಿನ್ ಹಾಗೇ ಉಳಿದು ಹೊಟ್ಟೆ ಸೇರುತ್ತದೆ.

ಅವರ ಕ್ರಮ ಹೀಗೆ. ಕಿತ್ತ ಗೆಡ್ಡೆಯನ್ನು ಇಟ್ಟುಕೊಳ್ಳುವಂತಿಲ್ಲ; ಎರಡು ಮೂರು ದಿನಕ್ಕೆ ಒಳಗೆ ನೀಲಿ-ಕಪ್ಪು ಗೆರೆ ಮೂಡುತ್ತದೆ. ಸಿಪ್ಪೆ ಸುಲಿದು, ತೊಳೆದು, ‘ಎಗಿ’ ಮೇಲೆ ತುರಿಯುತ್ತಾರೆ. ಮರದ ಹಲಗೆಗೆ ಚೂಪು ಕಲ್ಲಿನ ಚೂರು ನಾಟಿದ ತುರಿಮಣೆ ಅದು. ಈಗ ಬಹಳ ಕಡೆ ಮೋಟಾರು ಬಂದಿದೆ. ತುರಿಯನ್ನು ‘ರುಗುಮಾ’ಕ್ಕೆ ತುಂಬುತ್ತಾರೆ: ಹಾವಿನಂತೆ ಉದ್ದಕ್ಕೆ ಹೆಣೆದ ಚೀಲ. ತುಂಬುವಾಗ ಗಿಡ್ಡಕ್ಕೆ, ದಪ್ಪಕ್ಕೆ ಉಬ್ಬುತ್ತದೆ. ಮೇಲಿನ ತುದಿಯನ್ನು ತೊಲೆಗೆ ತೂಗುಹಾಕಿ ಕೆಳಗೆ ಭಾರ ಕಟ್ಟಿದರೆ ಹೆಣಿಗೆ ಉದ್ದಕ್ಕೆ ಎಳೆದುಕೊಂಡು ಒಳಗಿನದನ್ನು ತಾನೇ ಹಿಂಡುತ್ತದೆ. ನಟ್ಟಿಲ್ಲ, ಬೋಲ್ಟಿಲ್ಲ!

ರಾತ್ರಿಯಿಡೀ ನೀರಿಳಿದ ಹಿಟ್ಟನ್ನು ಜರಡಿ ಹಿಡಿದು, ಕಾದ ದೊಡ್ಡ ಕಾವಲಿಯ ಮೇಲೆ ಒಣದಾಗಿಯೇ ತೆಳ್ಳಗೆ ಹರಡುತ್ತಾರೆ. ನೀರು, ಎಣ್ಣೆ ಯಾವುದೂ ಇಲ್ಲ. ಉಳಿದ ಪಸೆ, ಗೆಡ್ಡೆಯ ಗಂಜಿಯೇ (ಪಿಷ್ಟ) ಅಂಟು. ಅಂಚನ್ನು ಪುಟ್ಟ ಪೊರಕೆಯಿಂದ ಒತ್ತರಿಸಿ, ಹಲಗೆಯಿಂದ ಒತ್ತಿ, ಮಗುಚುತ್ತಾರೆ. ಇದೇ ‘ಎರೆಬಾ’. ಹಿಟ್ಟು ಹಸಿಯಾಗಿದ್ದರೆ ರೊಟ್ಟಿ ಮುದ್ದೆಯಾಗುತ್ತದೆ, ವಿಷವೂ ಉಳಿದೀತು. ತೀರಾ ಒಣಗಿದ್ದರೆ ಕೂಡಿಕೊಳ್ಳದೆ ಪುಡಿಪುಡಿ. ಗರಿಗರಿ ಒಣಗಿದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ.

ಹಿಂಡಿದ ರಸವನ್ನು ಕೋಳಿ, ಹಂದಿ ಬಾಯಿ ಹಾಕದ ಹಾಗೆ ಮುಚ್ಚಿಡಬೇಕು. ತಳಕ್ಕೆ ಕೂರುವ ಬಿಳಿ ಗಂಜಿಯನ್ನು ತೊಳೆದು ಬಳಸುತ್ತಾರೆ. ಸೇಲಂ ಕಡೆಯ ಸಬ್ಬಕ್ಕಿಯೂ ಮರಗೆಣಸಿನ ಗಂಜಿಯದೇ. ನಮ್ಮ ಸಂತೆಗೆ ಬರುವುದು ಸಾಮಾನ್ಯವಾಗಿ ವಿಷ ಕಡಿಮೆಯಿರುವ ಸಿಹಿ ತಳಿ. ಅದನ್ನೂ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ. ಕಚ್ಚಿದರೆ ಕಹಿಯೆನಿಸಿದ್ದನ್ನು ಎಸೆದುಬಿಡಿ.

ಪ್ರಶ್ನೆ: ಈ ಗರಿಫುನಾ ಜನ ಯಾರು? ಮೀನು ಹಿಡಿಯುವವರೋ, ರೈತರೋ?
– ಓದುಗರು, ಸಾಗರ

ಉತ್ತರ: ಎರಡೂ. ಸಾಂಪ್ರದಾಯಿಕವಾಗಿ ಗಂಡಸರು ದೋಣಿಗೆ, ಹೆಂಗಸರು ಗೆಣಸಿನ ಹೊಲಕ್ಕೆ. ಕೆರಿಬಿಯನ್ ಸಮುದ್ರದ ಸೇಂಟ್ ವಿನ್ಸೆಂಟ್ ದ್ವೀಪದ ಮೂಲನಿವಾಸಿಗಳು, ಆಫ್ರಿಕನ್ನರು ಕೂಡಿ ಹುಟ್ಟಿದ ಜನ. ಎಗಿ, ರುಗುಮಾ ಆ ಮೂಲನಿವಾಸಿಗಳ ಬಳುವಳಿ. ಬ್ರಿಟಿಷರು ಯುದ್ಧದಲ್ಲಿ ಗೆದ್ದು ಇವರನ್ನು ಬಲಿಸೋ ಎಂಬ ಪುಟ್ಟ ದ್ವೀಪದಲ್ಲಿ ಕೂಡಿಹಾಕಿದರು. ಅಲ್ಲಿ ಸಾವಿರಾರು ಮಂದಿ ಸತ್ತರು. ಬದುಕುಳಿದ ಸುಮಾರು 2,000 ಜನರನ್ನು 1797ರ ಏಪ್ರಿಲ್‌ನಲ್ಲಿ ಮಧ್ಯ ಅಮೆರಿಕದ ಹೊಂಡುರಾಸ್ ಎದುರಿನ ರೋಟಾನ್ ದ್ವೀಪಕ್ಕೆ ತಂದಿಳಿಸಿದರು. ಅಲ್ಲಿಂದ ಮುಖ್ಯಭೂಮಿಯ ತೀರದುದ್ದಕ್ಕೂ ಹರಡಿದರು. ಬೆಲೀಜ್‌ನಲ್ಲಿ ನವೆಂಬರ್ 19 ಅವರ ನೆಲೆಸಿದ ದಿನದ ಹಬ್ಬ, ರಜೆ.

ಊಟಕ್ಕೆ ರೊಟ್ಟಿಯಷ್ಟೇ ಅಲ್ಲ, ‘ಹುದುತ್’ ಕೂಡ ಉಂಟು: ಬೇಯಿಸಿದ ಬಾಳೆಕಾಯಿಯನ್ನು ಮರದ ಒರಳಿನಲ್ಲಿ ಕುಟ್ಟಿದ ಮುದ್ದೆ, ಜೊತೆಗೆ ತೆಂಗಿನ ಹಾಲಿನ ಮೀನುಸಾರು. ಅಲ್ಲಿನ ಕಿಂಗ್‌ಫಿಶ್ ನಮ್ಮ ಅಂಜಲ್ ಜಾತಿಯದೇ, ಕುಮಟಾದವರಿಗೆ ಹೊಸದೇನಲ್ಲ.